ಮುಟ್ಟಿದೆ, ಮುಟ್ಟಿಲ್ಲ

ಅಕ್ಕನ ಗಂಡ ದಿನವಿಡೀ ಗೇಮ್ ಪೆಟ್ಟಿಗೆಗಳನ್ನು ಬಿಚ್ಚುತ್ತಿದ್ದ. ಅಕ್ಕ ದಿನವಿಡೀ ಹಾಗೆ ಬಿಚ್ಚಿದವರನ್ನು ಹಿಡಿಯುತ್ತಿದ್ದಳು. ಸಂಜೆಯಾದರೆ ಇಬ್ಬರೂ ಒಂದೇ ಮೇಜಿನ ಆಚೆ ಈಚೆ ಕೂತು ಊಟ ಮಾಡುತ್ತಿದ್ದರು. ಜೊತೆಯಲ್ಲಿದ್ದ ತಂಗಿಗೆ ಇದಕ್ಕಿಂತ ದೊಡ್ಡ ತಮಾಷೆ ಬೇರೆ ಇರಲಿಲ್ಲ. "ಕಳ್ಳನಿಗೂ ಪೊಲೀಸಿಗೂ ಒಂದೇ ಹಾಸಿಗೆ ಇರೋದು ನಮ್ಮನೇಲಿ ಮಾತ್ರ," ಎನ್ನುತ್ತಿದ್ದಳು. ಭಾವ ನಗುತ್ತಿದ್ದ. ಅಕ್ಕ ಎದ್ದುಹೋಗಿ ಕಿಟಕಿ ಮುಚ್ಚಿ ಬರುತ್ತಿದ್ದಳು.

ಟಿವಿಗೆ ಜೋಡಿಸಿ ಆಡುವ ಆ ಪೆಟ್ಟಿಗೆಗಳನ್ನು ತಯಾರಿಸುವ ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಅವಳಿಗೆ ಕೆಲಸ. ಕೆಟ್ಟ ಪೆಟ್ಟಿಗೆ ಯಾವುದೇ ಇರಲಿ, ರಿಪೇರಿಗೆ ಹೋಗುವ ಮೊದಲು ಅವಳ ದೀಪದ ಕೆಳಗೆ ಬಂದು ಹೋಗಬೇಕು. ಅದಕ್ಕೇ ಅಲ್ಲಿ ಎಲ್ಲರೂ ಅವಳನ್ನು ದೀಪದಕ್ಕ ಎಂದು ಕರೆಯುತ್ತಿದ್ದರು. ಕೋಣೆಗೆ ಕಿಟಕಿ ಇರಲಿಲ್ಲ. ಫೋನು ಹೊರಗಿನ ಕಪಾಟಿನಲ್ಲಿ ಇಟ್ಟು, ಕೊರಳಿನ ಕಾರ್ಡು ತೋರಿಸಿದರೆ ಬಾಗಿಲು ತೆರೆಯುತ್ತಿತ್ತು. ಸಂಜೆ ಹೊರಡುವಾಗ ಕಾವಲಿನವನು ಬ್ಯಾಗು ತಡಕಿ ನೋಡುತ್ತಿದ್ದ. ಮೊದಮೊದಲು ಮುಜುಗರದಿಂದ, ಆಮೇಲೆ ಆಕಳಿಸುತ್ತಾ.

ಕೆಲಸ ಕಣ್ಣಿನದು. ಪೆಟ್ಟಿಗೆಯನ್ನು ಬೋರಲು ಹಾಕಿ, ಸ್ಕ್ರೂ ಮೇಲೆ ಅಂಟಿಸಿದ ಬೆಳ್ಳಿ ಬಣ್ಣದ ಸೀಲನ್ನು ಬೆಳಕಿಗೆ ಓರೆಯಾಗಿ ಹಿಡಿಯಬೇಕು. ಬಿಸಿಗಾಳಿ ಬಿಟ್ಟು ಎಬ್ಬಿಸಿ ಮತ್ತೆ ಅಂಟಿಸಿದ ಸೀಲು ನೇರವಾಗಿ ನೋಡಿದರೆ ಹೊಸದರ ಹಾಗೇ ಇರುತ್ತದೆ. ಓರೆ ಬೆಳಕಿಗೆ ಮಾತ್ರ ಅದರ ಅಂಚಿನಲ್ಲಿ, ನೆನೆದು ಒಣಗಿದ ಕಾಗದದಲ್ಲಿ ಕಾಣುವಂಥ ಸಣ್ಣ ಅಲೆ ಕಾಣುತ್ತದೆ. ಅಲೆ ಕಂಡರೆ ಕಂಪ್ಯೂಟರಿನಲ್ಲಿ ಕೆಂಪು ಗುಂಡಿ. ಅಲ್ಲಿಗೆ ಆ ಪೆಟ್ಟಿಗೆಯ ಕಥೆ ಮುಗಿಯಿತು. ವಾರಂಟಿ ಇಲ್ಲ, ರಿಪೇರಿ ಇಲ್ಲ. ಅದರ ನಂಬರಿಗೇ ಕಂಪನಿಯ ಬೀಗ ಬಿದ್ದು, ಯಾವ ಮನೆಯ ಯಾವ ಟಿವಿಗೆ ಜೋಡಿಸಿದರೂ ಅದು ಇನ್ನು ಕಣ್ಣು ಬಿಡುವುದಿಲ್ಲ.

ಗಂಡನ ಅಂಗಡಿ ಇದ್ದದ್ದು ದರ್ಜಿಯ ಅಂಗಡಿಗೂ ಬೀಗದ ಕೈ ಮಾಡುವವನ ಗೂಡಿಗೂ ನಡುವೆ, ಒಬ್ಬರು ನಿಂತರೆ ಇನ್ನೊಬ್ಬರು ಹೊರಗೆ ಕಾಯಬೇಕಾದಷ್ಟು ಜಾಗದಲ್ಲಿ. ಹೆಚ್ಚಾಗಿ ಫೋನುಗಳು, ನಡುನಡುವೆ ಗೇಮ್ ಪೆಟ್ಟಿಗೆಗಳು. ಕೆಲಸಕ್ಕೆ ಸೇರುವಾಗ ಅಕ್ಕ ಅರ್ಜಿಯಲ್ಲಿ ಗಂಡನ ಉದ್ಯೋಗ 'ವಿದ್ಯುತ್ ಕೆಲಸ' ಎಂದು ತುಂಬಿದ್ದಳು. ಅದು ಸುಳ್ಳಲ್ಲ ಎಂದು ಅಂದಿನಿಂದ ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಬೆಸುಗೆಯ ಹೊಗೆಯ ವಾಸನೆ ಅಂಟಬಾರದೆಂದು ಆಫೀಸಿನ ಬಟ್ಟೆಗಳನ್ನು ತಂಗಿಯ ಕೋಣೆಯಲ್ಲಿ ತೂಗುಹಾಕುತ್ತಿದ್ದಳು. ಸಹೋದ್ಯೋಗಿಗಳು ಜೊತೆಗಿದ್ದರೆ ಆ ಬೀದಿಯಲ್ಲಿ ತಲೆ ಎತ್ತದೆ ಗಂಡನ ಮುಂದೆಯೇ ನಡೆದುಹೋಗುತ್ತಿದ್ದಳು.

ತಂಗಿಗೆ ಶಾಲೆಯ ದಿನಗಳಿಂದಲೇ ಮಾಂಸಖಂಡಗಳು ಸೋಲುತ್ತಾ ಬಂದಿದ್ದವು. ಕಾಲು ಹೋಗಿ ಗಾಲಿಕುರ್ಚಿ ಬಂತು, ಆಮೇಲೆ ಕೈಗಳು. ಈಗ ಅವಳ ಮಾತು ಕೇಳುತ್ತಿದ್ದದ್ದು ಎಡ ಮೊಣಕೈ, ಗಲ್ಲ ಮತ್ತು ಬಲಗೈಯ ಎರಡು ಬೆರಳು. "ಇಷ್ಟೇ ನನ್ನ ಚರಾಸ್ತಿ. ಸ್ಥಿರಾಸ್ತಿ ಮಾತ್ರ ಬೇಕಾದಷ್ಟಿದೆ," ಎಂದು ಅಲುಗಾಡದ ಕಾಲುಗಳ ಕಡೆ ನೋಡಿ ಹೇಳುತ್ತಿದ್ದಳು. ಕಂಪನಿಯ ಕಂಟ್ರೋಲರಿಗೆ ಎರಡು ಹೆಬ್ಬೆರಳು, ಎರಡು ತೋರುಬೆರಳು, ಎಲ್ಲವೂ ಒಟ್ಟಿಗೆ ಓಡಬೇಕು. ಭಾವ ಒಂದು ಹಲಗೆ ಮಾಡಿಕೊಟ್ಟಿದ್ದ. ಮೊಣಕೈಗೆ ತಟ್ಟೆಯಷ್ಟು ಅಗಲದ ಗುಂಡಿ, ಗಲ್ಲಕ್ಕೆ ಮೆತ್ತನೆಯ ಸ್ವಿಚ್ಚು, ಬೆರಳಿಗೊಂದು ಪುಟ್ಟ ಕಡ್ಡಿ. ಆ ಹಲಗೆಯಿಂದ ತಂಗಿ ವಿಮಾನ ಹಾರಿಸುತ್ತಿದ್ದಳು. ಬೇರೆ ಬೇರೆ ಊರುಗಳ ನಾಲ್ಕು ಜನ ಒಂದು ತಂಡ. ಸರಕು ತುಂಬಿಕೊಂಡು ಮೋಡ ದಾಟಿ ಕೆಟ್ಟ ಗಾಳಿಯಲ್ಲಿ ಇಳಿಸುವ ಆಟ. ಅವಳ ಮುಖ ಅವರು ಯಾರೂ ನೋಡಿರಲಿಲ್ಲ. ಅವರಿಗೆ ಅವಳು ಕ್ಯಾಪ್ಟನ್. "ಗಾಳಿ ಅಡ್ಡ ಹೊಡೀತಿದೆ, ನೀನೇ ಇಳಿಸು ಕ್ಯಾಪ್ಟನ್," ಎಂಬ ದನಿಗಳು ಟಿವಿಯಿಂದ ಬಂದು, ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದ ಅಕ್ಕನ ಕಿವಿಗೂ ಬೀಳುತ್ತಿದ್ದವು. ತಂಗಿ ಮನೆಯಿಂದ ಹೊರಗೆ ಹೋಗುತ್ತಿದ್ದದ್ದು ಆ ಒಂದು ದಾರಿಯಲ್ಲಿ ಮಾತ್ರ.

ಒಂದು ದಿನ ಕಂಪನಿ ಪೆಟ್ಟಿಗೆಗಳಿಗೆಲ್ಲ ಹೊಸ ಅಪ್‌ಡೇಟ್ ಕಳಿಸಿತು. ಪರದೆಯ ಮೇಲೆ 'ಅನುಮತಿ ಇಲ್ಲದ ಸಾಧನ' ಎಂದು ಬಂತು. ಹಲಗೆ ಸತ್ತಿತು. ಭಾವ ಸೀಲು ಎಬ್ಬಿಸಿ, ಒಳಗೆ ಉಗುರಿನಷ್ಟು ಅಗಲದ ಚಿಪ್ ಕೂರಿಸಿದ. ಹಲಗೆಯನ್ನು ಕಂಪನಿಯ ಕಂಟ್ರೋಲರೇ ಎಂದು ಪೆಟ್ಟಿಗೆಗೆ ನಂಬಿಸುವುದು ಅದರ ಕೆಲಸ. ಅಕ್ಕ ಆ ಹೊತ್ತಿಗೆ ಬೇಕೆಂದೇ ಸಂತೆಗೆ ಹೋಗಿದ್ದಳು. ನೋಡದಿದ್ದರೆ ಗೊತ್ತಿಲ್ಲ ಎನ್ನಬಹುದು ಎಂಬ ಲೆಕ್ಕಾಚಾರ.

ಅಷ್ಟಕ್ಕೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಪೆಟ್ಟಿಗೆಯ ಡಿಸ್ಕ್ ಓದುವ ಡ್ರೈವು ಕೈಕೊಟ್ಟಿತು.

"ಡ್ರೈವು ಪಕ್ಕದ ಮುಚ್ಚಳದೊಳಗೇ ಇರೋದು. ಬೇರೆ ಹಾಕೋದು ಕಣ್ಣುಮುಚ್ಚಿ ಮಾಡೋ ಕೆಲಸ," ಎಂದ ಗಂಡ, ತಲೆ ಕೆರೆದುಕೊಳ್ಳುತ್ತಾ. "ಹಾಕಿದೆ. ಒಪ್ತಾ ಇಲ್ಲ. ಈ ಡ್ರೈವಿಗೂ ಆ ಬೋರ್ಡಿಗೂ ಕಾರ್ಖಾನೆಯಲ್ಲೇ ಮದುವೆ ಮಾಡಿ ಕಳಿಸ್ತಾರೆ. ವಿಚ್ಛೇದನ ಕೊಡ್ಸೋದು, ಮರುಮದುವೆ ಮಾಡ್ಸೋದು ಎಲ್ಲಾ ಅವರ ಕಂಪ್ಯೂಟರ್‌ನಿಂದಲೇ ಆಗ್ಬೇಕು."

"ಅಂದ್ರೆ ನನ್ನ ಸೆಂಟರಿಗೆ ಬರಬೇಕು," ಎಂದಳು ಅಕ್ಕ.

"ನಿನ್ನ ದೀಪದ ಕೆಳಗೆ."

"ಚಿಪ್ ತೆಗೆದು ಕಳಿಸಿದ್ರೆ?"

"ಸೀಲು ಎದ್ದಿರೋದು ಎದ್ದೇ ಇದೆಯಲ್ಲ. ನಿನಗೆ ಕಾಣದೇ ಇರುತ್ತಾ?"

ತಂಗಿ ಕುರ್ಚಿಯಿಂದಲೇ ಕೂಗಿದಳು, "ನನಗೆ ಒಂದು ಅರ್ಥ ಆಗಲ್ಲ ಅಕ್ಕ. ಪೆಟ್ಟಿಗೆ ನನ್ನದು. ನನ್ನ ಚಪ್ಪಲಿ ನಾನು ಹೊಲಿಸಿಕೊಂಡ್ರೆ ಚಪ್ಪಲಿ ಕಂಪನಿಯವರು ಬಂದು ಕಾಲು ಕಟ್ಟಿಹಾಕ್ತಾರಾ?"

"ನನ್ನ ಹತ್ರ ಕೇಳಬೇಡ. ನಾನು ಗುಂಡಿ ಒತ್ತೋಳು."

"ಅದೇ ಮತ್ತೆ. ನಮ್ಮನೇಲಿ ಎಲ್ಲರೂ ಗುಂಡಿ ಒತ್ತೋರೇ."

ವಾರ ಕಳೆಯಿತು. ಟಿವಿ ಮೌನವಾಗಿತ್ತು. ತಂಗಿಯ ಫೋನಿಗೆ ತಂಡದವರ ಸಂದೇಶಗಳು ಬರುತ್ತಿದ್ದವು. ಅಕ್ಕನೇ ಹಿಡಿದು ತೋರಿಸಬೇಕಿತ್ತು. ಕೊನೆಯದರಲ್ಲಿ, 'ಕ್ಯಾಪ್ಟನ್, ನೀನು ಬರೋವರೆಗೆ ಬೇರೆ ಯಾರನ್ನಾದ್ರೂ ಸೇರಿಸಿಕೊಳ್ಳಲಾ? ಬೇಜಾರಿಲ್ಲ ತಾನೆ?' ಎಂದಿತ್ತು. ತಂಗಿ ಓದಿ, "ಬೇಜಾರಿಲ್ಲ ಅಂತ ಹಾಕು," ಎಂದು ಮುಖ ತಿರುಗಿಸಿದಳು. ಮುಖ ತಿರುಗಿಸುವುದೂ ಅವಳಿಗೆ ನಿಧಾನದ ಕೆಲಸ. ಅದು ಪೂರ್ತಿ ಗೋಡೆಯ ಕಡೆ ತಿರುಗುವವರೆಗೆ ಅಕ್ಕ ಫೋನು ಹಿಡಿದುಕೊಂಡು ನಿಂತೇ ಇದ್ದಳು.

ಮರುದಿನ ಬೆಳಿಗ್ಗೆ ಬಾಚಣಿಗೆ ಕೈಯಲ್ಲಿ ಹಿಡಿದುಕೊಂಡೇ ಗಂಡನಿಗೆ ಹೇಳಿದಳು, "ಕಳಿಸಿ ರೀ. ನಮ್ಮ ಹೆಸರು ಬೇಡ. ದರ್ಜಿ ಅಣ್ಣನ ಕೈಲಿ ಕೊಟ್ಟು ಕಳಿಸಿ. ನಾನು ಹಸಿರು ಒತ್ತುತೀನಿ."

ಕೆಲಸಕ್ಕೆ ಸೇರಿದಾಗಿನಿಂದ ಒಂದು ಸಲವೂ ತಪ್ಪು ಗುಂಡಿ ಒತ್ತಿದವಳಲ್ಲ. ಮನೆಗೆ ಬೀಗ ಹಾಕಿ ಮೆಟ್ಟಿಲಿಳಿದ ಮೇಲೂ ಮತ್ತೆ ಹತ್ತಿ ಬಂದು ಎಳೆದು ನೋಡುವ ಜಾತಿ ಅವಳದು. ಆ ದಿನ ಸೆಂಟರಿಗೆ ಹೋಗುವ ದಾರಿಯಲ್ಲಿ ತನ್ನ ಬೆರಳನ್ನೇ ನಾಲ್ಕಾರು ಸಲ ನೋಡಿಕೊಂಡಳು, ಅದು ಸಮಯಕ್ಕೆ ಮಾತು ಕೇಳುತ್ತದೋ ಇಲ್ಲವೋ ಎಂದು.

ಅವಳ ಗ್ರಹಚಾರಕ್ಕೆ ಸೆಂಟರಿನ ಕಂಪ್ಯೂಟರುಗಳಿಗೆ ಹೊಸ ಸಾಫ್ಟ್‌ವೇರ್ ಬಂದದ್ದೂ ಆ ದಿನವೇ; ಒಳಗಿನ ಕೋಣೆಯಲ್ಲಿ ಅದನ್ನು ಕೂರಿಸುವುದರಲ್ಲೇ ಬೆಳಿಗ್ಗೆ ಕಳೆಯಿತು. ಅದುವರೆಗೆ ಬರೀ ಬಣ್ಣದ ಗುಂಡಿಗಳಿದ್ದವು. ಈಗ ಮೇಲಿನ ಕಚೇರಿಯಲ್ಲಿ ಯಾರೋ ಜಾಣರು ಕೂತು ಅದಕ್ಕೆ ನಮ್ಮ ಮಾತಿನ ಅಂಗಿ ತೊಡಿಸಿದ್ದರು. ಹಸಿರು ಗುಂಡಿಯ ಮೇಲೆ 'ಮುಟ್ಟಿಲ್ಲ'. ಕೆಂಪಿನ ಮೇಲೆ 'ಮುಟ್ಟಿದೆ'. ಬಣ್ಣ ಮಾತ್ರ ಹೋಗಿ ಎರಡೂ ಬೂದುಬಣ್ಣಕ್ಕೆ ತಿರುಗಿದ್ದವು. ಪೆಟ್ಟಿಗೆಯನ್ನು ಯಾರಾದರೂ ಮುಟ್ಟಿ ಬಿಚ್ಚಿದ್ದಾರೋ ಇಲ್ಲವೋ ಎಂಬುದು ಅವರ ಮನಸ್ಸಿನಲ್ಲಿದ್ದ ಅರ್ಥ. ಗುಂಡಿಗಳಿದ್ದ ಪುಟ ಒಳಗಿನ ಕೋಣೆಗೂ ಹೊರಗಿನ ಕೌಂಟರಿಗೂ ಒಂದೇ.

ಕೌಂಟರಿನಲ್ಲಿದ್ದವಳನ್ನು ಎಲ್ಲರೂ ಗಿಣಿ ಎನ್ನುತ್ತಿದ್ದರು. ಹೇಳಿಕೊಟ್ಟ ಮಾತನ್ನು ಹೇಳಿಕೊಟ್ಟ ರಾಗದಲ್ಲೇ ಹೇಳುವವಳು. ಪಾರ್ಸೆಲ್ ಕೈಗೆ ಬಂದ ಕೂಡಲೇ ಗ್ರಾಹಕರಿಗೆ ಫೋನಿನಲ್ಲಿ 'ನಿಮ್ಮ ಪೆಟ್ಟಿಗೆ ನಮಗೆ ಮುಟ್ಟಿದೆ, ಧನ್ಯವಾದ' ಎನ್ನುವುದು ಅವಳ ವರ್ಷಗಳ ಅಭ್ಯಾಸ.

ದರ್ಜಿ ಕೊಟ್ಟುಹೋದ ಪೆಟ್ಟಿಗೆ ಮಧ್ಯಾಹ್ನದ ಹೊತ್ತಿಗೆ ಅಕ್ಕನ ಮೇಜಿಗೆ ಬಂತು. ಗಾಲಿಕುರ್ಚಿ ತಾಗಿ ಮೂಲೆ ಉಜ್ಜಿಹೋದ, ತಾನು ದಿನಾ ಧೂಳು ಒರೆಸುವ ಪೆಟ್ಟಿಗೆ. ಗುರುತಿಲ್ಲದವಳ ಹಾಗೆ ಬೋರಲು ಹಾಕಿದಳು. ದೀಪ ಓರೆ ಮಾಡಿದಳು. ಅಂಚಿನಲ್ಲಿ ಗಂಡನ ಕೈಯ ಅಲೆ, ಬೇರೆ ಯಾರಿಗೂ ಕಾಣದಷ್ಟು ಸಣ್ಣದು. ಪೆಟ್ಟಿಗೆಯ ನಂಬರು ಹೊಡೆದು, ಪರದೆ ನೋಡಿದಳು.

ಬೀಗ ಆಗಲೇ ಬಿದ್ದಿತ್ತು.

ಇವರಿಗೆಲ್ಲ ಗೊತ್ತು ಎಂಬುದು ಅವಳಿಗೆ ಹೊಳೆದ ಮೊದಲ ವಿಚಾರ. ಚಾವಣಿಯ ಮೂಲೆಯ ಕ್ಯಾಮೆರಾ ಕಡೆ ನೋಡಬಾರದೆಂದುಕೊಂಡೇ ನೋಡಿದಳು. ಏನಾದರೂ ಮಾಡುತ್ತಿರುವಂತೆ ಕಾಣಲಿ ಎಂದು ಮುಂದಿನ ಪೆಟ್ಟಿಗೆ ಎಳೆದುಕೊಂಡಳು. ಅದಕ್ಕೂ ಬೀಗ. ಅದರ ಮುಂದಿನದು ಮೇಲಿನ ಪ್ಲಾಸ್ಟಿಕ್ ಹಾಳೆಯನ್ನೂ ಕಿತ್ತಿರದ ಹೊಚ್ಚ ಹೊಸದು. ಅದಕ್ಕೂ ಬೀಗ.

ಹೊರಗೆ ಹೋಗಿ ಕೌಂಟರಿನ ಮೇಲೆ ಬಗ್ಗಿ ಕೇಳಿದಳು, "ಪೆಟ್ಟಿಗೆ ಬಂದ ಮೇಲೆ ನೀನು ಏನು ಒತ್ತುತಾ ಇದ್ದೀಯಾ?"

"ಮುಟ್ಟಿದೆ ಅಂತ ಒತ್ತುತಾ ಇದ್ದೀನಿ," ಎಂದಳು ಗಿಣಿ. "ಒಳ್ಳೇದು ಮಾಡಿದ್ದಾರೆ ಅಕ್ಕ. ಫೋನ್ ಮಾಡೋ ಕಷ್ಟ ತಪ್ಪಿತು."

"ಎಲ್ಲದಕ್ಕೂ?"

"ನಮ್ಮ ಕೈಗೆ ಮುಟ್ಟಿದ್ದಕ್ಕೆಲ್ಲ. ಮುಟ್ಟದೇ ಇರೋದಕ್ಕೆ ಮುಟ್ಟಿದೆ ಅಂದ್ರೆ ಸುಳ್ಳಾಗಲ್ವಾ?"

ಅಕ್ಕನಿಗೆ ನಗು ಉಕ್ಕಿ ಬಂತು, ಬೆನ್ನಿಗೇ ಅಳು. ಎರಡನ್ನೂ ಹಲ್ಲು ಕಚ್ಚಿ ತಡೆದಳು. ಅಂದು ಬಂದ ಪೆಟ್ಟಿಗೆಗಳೆಲ್ಲ, ಒಬ್ಬರ ಕಣ್ಣಿಗೂ ಬೀಳದೆ, ಬಿಚ್ಚಿದವು ಎನಿಸಿಕೊಂಡು ಕಪಾಟಿನಲ್ಲಿ ಸಾಲಾಗಿ ಕೂತಿದ್ದವು.

ಉಸ್ತುವಾರಿ ಸಾಹೇಬರನ್ನು ಕರೆಯಲೇಬೇಕಾಯಿತು. ಅವರನ್ನು ಹಿಂದಿನಿಂದ ಷರತ್ತಪ್ಪ ಎನ್ನುತ್ತಿದ್ದರು. ಒಳ್ಳೆಯ ಮನುಷ್ಯ, ಆದರೆ 'ಷರತ್ತುಗಳ ಪ್ರಕಾರ' ಎಂದು ಶುರು ಮಾಡದೆ ಆಕಳಿಸುವವರೂ ಅಲ್ಲ. ಗಿಣಿಯ ವಿವರಣೆಯನ್ನು ಕಣ್ಣು ಮುಚ್ಚಿಕೊಂಡು ಕೇಳಿದರು. ಮೇಲಿನ ಕಚೇರಿಗೆ ಫೋನು ಮಾಡಲು ಹೋದವರು ಬಹಳ ಹೊತ್ತಿನ ಮೇಲೆ ಬಂದರು.

"ಷರತ್ತುಗಳ ಪ್ರಕಾರ, ಒಂದು ಸಲ ಬಿದ್ದ ಬೀಗ ಸುಮ್ಮನೆ ತೆಗೆಯೋ ಹಾಗಿಲ್ಲ. ಪ್ರತಿಯೊಂದನ್ನೂ ಬಿಚ್ಚಿ ಒಳಗಡೆ ಫೋಟೋ ಕಳಿಸಬೇಕಂತೆ. ಬಿಚ್ಚುವಾಗ ಇಬ್ಬರು ಇರಬೇಕಂತೆ. ನೀವು, ಮತ್ತೆ ನಾನು. ಯಾರೂ ಬಿಚ್ಚಿಲ್ಲದ್ದಕ್ಕೆ ಬೀಗ ತೆಗೀತಾರೆ. ನಮ್ಮ ತರಬೇತಿ ಆದವರೇ ಹಿಂದೆ ಯಾವಾಗಲಾದ್ರೂ ರಿಪೇರಿಗೆ ಬಿಚ್ಚಿದ್ದರೆ ಅದಕ್ಕೂ ತೆಗೀತಾರೆ. ಹೊರಗಿನ ಕೈ ಮುಟ್ಟಿದ್ದರೆ ಬೀಗ ಹಾಗೇ ಇರುತ್ತೆ. ನಾಳೆ ಶುರು ಮಾಡೋಣ ಮೇಡಂ. ಅಲ್ಲೀತನಕ ಒಂದೂ ಹೊರಗೆ ಹೋಗಬಾರದು."

ಒಬ್ಬಳೇ ಇದ್ದಿದ್ದರೆ ಕಣ್ಣು ಮುಚ್ಚಿ ಒಂದು ಗುಂಡಿ ಒತ್ತಿ ಮುಗಿಸಬಹುದಿತ್ತು. ಈಗ ಪೆಟ್ಟಿಗೆ ಒಳಗೆ, ಕಾವಲು ಹೊರಗೆ, ಅವಳ ಪಕ್ಕದಲ್ಲೇ ಷರತ್ತಪ್ಪ.

ಮನೆಯಲ್ಲಿ ವಿಷಯ ಹೇಳಿದಾಗ ಗಂಡ ಅಡ್ಡಗೋಡೆಗೆ ಒರಗಿಕೊಂಡು ಕೂತುಬಿಟ್ಟ. ತಂಗಿ ಮೊದಲು 'ಮುಟ್ಟಿದೆ' ಕಥೆಗೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ ನಗು ತಾನಾಗೇ ನಿಂತಿತು.

"ಬಿಡು ಅಕ್ಕ. ಬೀಗ ಹಾಕಿಕೊಳ್ಳಲಿ," ಎಂದಳು. "ನಾನು ಗ್ರಾಹಕರ ಕೋರ್ಟಿಗೆ ಹೋಗ್ತೀನಿ. ಸುಳ್ಳು ಹೇಳಲ್ಲ. ಹೌದು ಬಿಚ್ಚಿಸಿದೀನಿ, ನನ್ನ ಕೈಗೆ ಬೇಕಾದ ಹಾಗೆ ಮಾಡಿಸಿಕೊಂಡಿದೀನಿ, ಅದರಲ್ಲಿ ನಿಮ್ಮ ಗಂಟು ಏನು ಹೋಯ್ತು ಅಂತ ಕೇಳ್ತೀನಿ. ನನ್ನನ್ನ ಕುರ್ಚಿ ಸಮೇತ ಎತ್ತಿಕೊಂಡು ಹೋಗಿ ಅವರ ಮುಂದೆ ಇಡಿ, ಸಾಕು. ಮಾತಾಡೋಕೆ ಬಾಯಿ ಚೆನ್ನಾಗಿದೆ."

"ಬಿಚ್ಚಿದ್ದು ಯಾರು ಅಂತ ಕೇಳಿದ್ರೆ?"

"ಭಾವ ಅಂತೀನಿ. ಭಾವ ಹೆದರ್ತಾನಾ?"

"ನನ್ನ ಅಂಗಡಿಗೆ ಬೋರ್ಡೇ ಇಲ್ಲ, ಹೆದರೋಕೆ ಏನಿದೆ," ಎಂದ ಗಂಡ. ಆದರೆ ಅವನ ಕಣ್ಣು ಅಕ್ಕನ ಮೇಲಿತ್ತು.

"ಎಷ್ಟು ಕಾಲ ನಡೆಯುತ್ತೆ ಗೊತ್ತಾ ಆ ಕೇಸು?" ಎಂದಳು ಅಕ್ಕ. "ಅದು ಮುಗಿಯೋ ಹೊತ್ತಿಗೆ ನಿನ್ನ..."

ಅಲ್ಲಿಗೇ ನಾಲಿಗೆ ಕಚ್ಚಿಕೊಂಡಳು. ತಂಗಿ ತನ್ನ ಎಡ ಮೊಣಕೈಯನ್ನು ನೋಡಿದಳು. ಹೋದ ವರ್ಷ ಬಲ ಮೊಣಕೈಯೂ ಇತ್ತು.

"ಇರುತ್ತೋ ಇಲ್ವೋ," ಎಂದಳು ತಂಗಿ. "ಇದ್ರೂ ಇಲ್ದಿದ್ರೂ ನಾನು ಕೇಳಬೇಕು ಅಂತ ಇರೋದು ಕೇಳಲೇಬೇಕು. ನನ್ನ ಪರವಾಗಿ ನೀನು ಏನೂ ತೀರ್ಮಾನ ಮಾಡಬೇಡ. ಮಾಡಲ್ಲ ಅನ್ನು."

"ಮಾಡಲ್ಲ," ಎಂದಳು ಅಕ್ಕ.

ಮರುದಿನ ಕಿಟಕಿಯಿಲ್ಲದ ಕೋಣೆಯಲ್ಲಿ ಎರಡು ಕುರ್ಚಿ. ಅಕ್ಕ ಸ್ಕ್ರೂ ಬಿಚ್ಚುವುದು, ಷರತ್ತಪ್ಪ ಫೋಟೋ ತೆಗೆಯುವುದು. ಬೆಳಗಿನ ಪೆಟ್ಟಿಗೆಗಳೆಲ್ಲ ಮುಗ್ಧವಾಗಿದ್ದವು; ಒಳಗೆ ಧೂಳು, ಒಂದರಲ್ಲಿ ಸತ್ತ ಜಿರಳೆ. "ಇದು ಅನುಮತಿ ಇಲ್ಲದ ಸಾಧನ," ಎಂದು ಷರತ್ತಪ್ಪ ಜಿರಳೆಯನ್ನು ಚಿಮುಟಿಯಿಂದ ಎತ್ತಿದರು. ಅವರು ತಮಾಷೆ ಮಾಡಿದ್ದನ್ನು ಅಕ್ಕ ಅದೇ ಮೊದಲು ಕೇಳಿದ್ದು. ನಗಲು ಹೋಗಿ ಕೆಮ್ಮಿದಳು. ಉಜ್ಜಿದ ಮೂಲೆಯ ಪೆಟ್ಟಿಗೆ ಸಾಲಿನಲ್ಲಿ ಮುಂದೆ ಮುಂದೆ ಬರುತ್ತಿತ್ತು.

ಅದರ ಸರದಿ ಬಂದಾಗ ಸ್ಕ್ರೂಗಳು ಸಲೀಸಾಗಿ ಬಂದವು. ಮುಚ್ಚಳ ಎತ್ತಿದಳು. ಕಂಟ್ರೋಲರಿನ ತಂತಿಗಳು ಬೋರ್ಡು ಸೇರುವಲ್ಲಿ ಹಸಿರು ಚಿಪ್, ಅದರಿಂದ ಕೂದಲೆಳೆಯಂಥ ತಂತಿಗಳು, ಪ್ರತಿ ತಂತಿಯ ಕೊನೆಯಲ್ಲಿ ಸಾಸಿವೆಗಿಂತ ಸಣ್ಣ ಹೊಳೆಯುವ ಬೆಸುಗೆ. ಗಂಡನ ಅಕ್ಷರವನ್ನೇ ನೋಡಿದ ಹಾಗಾಯಿತು.

ಷರತ್ತಪ್ಪ ಕ್ಯಾಮೆರಾ ಕೆಳಗಿಟ್ಟರು. "ಅಂತೂ ಒಂದು ಸಿಕ್ಕಿತು. ಕೈ ಒಳ್ಳೇದಿದೆ ನೋಡಿ, ಯಾರದೋ."

"ಇದು ಕದ್ದ ಗೇಮ್ ಆಡೋಕೆ ಹಾಕಿದ್ದಲ್ಲ ಸರ್," ಎಂದಳು ಅಕ್ಕ. ತಾನು ಮಾತಾಡುತ್ತಿದ್ದೇನೆಂದು ಅವಳಿಗೆ ಗೊತ್ತಾದದ್ದು ಆಮೇಲೆ. "ಕಂಟ್ರೋಲರಿನ ದಾರಿಯಲ್ಲಿ ಮಾತ್ರ ಇದೆ. ಬೆರಳು ಆಡದವರಿಗೆ ಬೇರೆ ಸ್ವಿಚ್ ಹಾಕೋಕೆ."

"ಇರಬಹುದು. ಆದರೆ ಬಾಗಿಲು ಅಂದ ಮೇಲೆ ಬಾಗಿಲೇ ಅಲ್ವಾ? ಇವತ್ತು ಇವರು ಬರ್ತಾರೆ, ನಾಳೆ ಅದರಲ್ಲೇ ಕಳ್ಳ ಬರ್ತಾನೆ. ಆನ್‌ಲೈನಲ್ಲಿ ಮೋಸ ಮಾಡಿ ಆಡೋರೂ ಇಂಥದ್ದನ್ನೇ ಹಾಕ್ಕೋತಾರೆ. ಕಂಪನಿ ಯಾವ ಮುಖ ನೋಡಿ ಯಾರನ್ನ ಬಿಡಬೇಕು?"

"ಒಂದು ಮುಖನಾದ್ರೂ ನೋಡಬಹುದಿತ್ತು ಸರ್."

"ನನಗೂ ಅನ್ಸುತ್ತೆ. ಏನು ಮಾಡೋದು, ಇದರಲ್ಲಿ ಕಾರಣ ಬರೆಯೋಕೆ ಜಾಗ ಇಲ್ಲ. ಹೊರಗಿನ ಕೈ ಅಂತ ಹಾಕೋಣ." ಅವರ ಬೆರಳು ಕೀಲಿಮಣೆಯ ಕಡೆ ಹೋಯಿತು.

ಮಾಡಲ್ಲ ಎಂದು ಹೇಳಿ ಬಂದಿದ್ದಳು. ತಂಗಿಯ ಮುಖ ನಿಧಾನವಾಗಿ ಗೋಡೆಯ ಕಡೆ ತಿರುಗಿದ್ದೂ ಕಣ್ಣ ಮುಂದಿತ್ತು.

"ಹೊರಗಿನ ಕೈ ಅಲ್ಲ ಸರ್. ನಾನು ಮುಟ್ಟಿದ್ದು."

ಕೋಣೆಯ ಏಸಿ ಒಮ್ಮೆ ಗುಡುಗಿ ನಿಂತಿತು. ಷರತ್ತಪ್ಪ ಅವಳನ್ನು ಹೊಸಬಳನ್ನು ನೋಡುವಂತೆ ನೋಡಿದರು.

"ನೀವು?"

"ಪರಿಚಯದವರದ್ದು. ಮನೆಯಲ್ಲಿ ಮಾಡಿಕೊಟ್ಟೆ. ತರಬೇತಿ ಆದ ಕೈಯೇ ಅಲ್ವಾ ಸರ್."

"ತಮಾಷೆ ಮಾಡ್ತಿದ್ದೀರಾ ಮೇಡಂ?"

"ನಾನು ಯಾವತ್ತಾದ್ರೂ ಮಾಡಿದ್ದೀನಾ?"

ಇಲ್ಲ ಎಂಬುದು ಅವರಿಗೆ ಗೊತ್ತಿತ್ತು. ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು. ರಿಪೇರಿ ಬೆಂಚಿನಿಂದ ಸೋಲ್ಡರಿಂಗ್ ಐರನ್ ತರಿಸಿ ಅವಳ ಮುಂದಿಟ್ಟರು.

"ಹಾಗಾದ್ರೆ ತೆಗೀರಿ. ಅದಿದ್ದರೆ ಬೀಗ ತೆಗೆಯೋಕೆ ಹೇಗೂ ಆಗಲ್ಲ. ಹಾಕಿದವರಿಗೆ ತೆಗೆಯೋದು ಕಷ್ಟ ಅಲ್ಲ."

ಅಕ್ಕ ತನ್ನ ಜೀವಮಾನದಲ್ಲಿ ಬೆಸುಗೆ ಹಾಕಿದವಳಲ್ಲ, ಬಿಡಿಸಿದವಳೂ ಅಲ್ಲ. ತರಬೇತಿಯಲ್ಲಿ ಕಲಿಸಿದ್ದು ಸೀಲು ನೋಡುವುದನ್ನು. ಆದರೆ ಗಂಡನ ಎದುರು ಕೂತು ಊಟಕ್ಕೆ ಕಾದ ಸಂಜೆಗಳೆಷ್ಟೋ ಇದ್ದವು. ಐರನ್ ತುದಿಯನ್ನು ಒದ್ದೆ ಸ್ಪಂಜಿಗೆ ಒತ್ತಿದಾಗ ಚುಂಯ್ ಎಂದಿತು, ಅಲ್ಲಿಯವರೆಗೆ ಸರಿ. ತಂತಿಯ ಬುಡಕ್ಕೆ ತಾಗಿಸಿ, ಕರಗುವವರೆಗೆ ಎಳೆಯದೆ ಕಾಯಬೇಕು. ಅವನು ಹಾಗೆ ಕಾಯುವಾಗ ತುಟಿ ಮುಂದೆ ಮಾಡುತ್ತಿದ್ದ. ಅವಳಿಗೇ ತಿಳಿಯದೆ ಅವಳ ತುಟಿಯೂ ಮುಂದೆ ಬಂತು. ಮೊದಲ ತಂತಿ ಬಿಟ್ಟಿತು. ಎರಡನೆಯದಕ್ಕೆ ಐರನ್ ಜಾರಿ ಬೋರ್ಡಿನ ಮೇಲೆ ಕಂದು ಗೀರು ಬಿತ್ತು, ಸುಟ್ಟ ವಾಸನೆ ಎದ್ದಿತು. ಉಳಿದವು ಹೇಗೋ ಬಂದವು. ಚಿಪ್ ಮೇಜಿನ ಮೇಲೆ ಬಿದ್ದಾಗ ಅವಳ ಬೆನ್ನಿಗೆ ಬಟ್ಟೆ ಅಂಟಿಕೊಂಡಿತ್ತು.

ಅವರು ಬಗ್ಗಿ ಕಂದು ಗೀರನ್ನು ನೋಡಿದರು. ಆಮೇಲೆ ಕಿತ್ತ ಚಿಪ್ಪಿನ ಮೇಲೆ ಉಳಿದಿದ್ದ ಸಾಸಿವೆ ಬೆಸುಗೆಗಳನ್ನು. ಮತ್ತೆ ಅವಳ ಕೈಯನ್ನು.

"ಹಾಕಿದ ಕೈ ಇದಲ್ಲ," ಎಂದರು ಮೆಲ್ಲಗೆ.

ಅವಳು ಐರನ್ನನ್ನು ಸ್ಟ್ಯಾಂಡಿಗೆ ಸಿಕ್ಕಿಸಿದಳು.

"ನೋಡಿ ಮೇಡಂ. ಇದು ಸುಳ್ಳು ಅಂತ ನಾನು ಬರೆದ್ರೆ ನಿಮ್ಮ ಕೆಲಸಾನೂ ಹೋಗುತ್ತೆ, ಬೀಗಾನೂ ಉಳಿಯುತ್ತೆ. ನಿಜ ಅಂತ ಬರೆದ್ರೆ ಕೆಲಸ ಮಾತ್ರ ಹೋಗುತ್ತೆ. ಹೊರಗಿನ ಕೆಲಸ ಮಾಡಿದ ಸಿಬ್ಬಂದೀನ ಇಟ್ಟುಕೊಳ್ಳೋಕೆ ಷರತ್ತಲ್ಲಿ ಜಾಗ ಇಲ್ಲ. ಯಾವುದು ಬರೀಲಿ?"

"ನಿಜ ಅಂತ ಬರೀರಿ ಸರ್."

ಬರೆದರು. ತಿರುಗಿಸಿ ತೋರಿಸಿದರು, ಅವಳು ಸಹಿ ಮಾಡಬೇಕಿತ್ತು. ಕೊನೆಯ ಸಾಲಿನಲ್ಲಿ, ಈ ಪೆಟ್ಟಿಗೆಯ ವಿಷಯದಲ್ಲಿ ಗ್ರಾಹಕರಿಂದ ಏನೂ ತಪ್ಪಾಗಿಲ್ಲ, ಕಂಪನಿಯಿಂದ ಗ್ರಾಹಕರಿಗೆ ಯಾವ ತೊಂದರೆಯೂ ಆಗಿಲ್ಲ ಎಂದಿತ್ತು. ಸಹಿ ಹಾಕುವಾಗ ಅವಳ ಮನಸ್ಸೆಲ್ಲ ಬೀಗದ ಮೇಲಿತ್ತು. ಆ ಸಾಲು ಯಾರ ಬಾಯಿಗೆ ಬೀಗ ಹಾಕುತ್ತದೆಂದು ಹೊಳೆದದ್ದು ಬಸ್ಸಿನಲ್ಲಿ, ಪರಿಚಯದವರಿಗೆ ತಾನೇ ಮುಟ್ಟಿಸುತ್ತೇನೆಂದು ಬರೆದುಕೊಟ್ಟು ಪಡೆದ, ಹೊಸ ಡ್ರೈವಿಗೆ ಮರುಮದುವೆಯಾದ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಾಗ.

ಮನೆಯಲ್ಲಿ ತಂಗಿ ಪೂರ್ತಿ ಕೇಳಿದಳು. ಗಂಡ ಪೆಟ್ಟಿಗೆಯನ್ನು ಟಿವಿಗೆ ಜೋಡಿಸುತ್ತಾ, "ಐರನ್ ಹಿಡಿದ್ಯಾ? ನೀನು?" ಎಂದು ಮಾತ್ರ ಕೇಳಿದ. ಅವಳ ತೋರುಬೆರಳಿನ ತುದಿಯಲ್ಲಿ ಎದ್ದಿದ್ದ ಬೊಬ್ಬೆಯನ್ನು ಹಿಡಿದು ನೋಡಿ ಬಿಟ್ಟ.

"ಹಾಗಾದ್ರೆ ನನಗೇನೂ ತೊಂದರೆ ಆಗಿಲ್ಲ," ಎಂದಳು ತಂಗಿ ಕೊನೆಗೆ. "ಸಹಿ ಆಗಿದೆ."

"ಪೆಟ್ಟಿಗೆ ಉಳಿಯಿತಲ್ಲ."

"ಪೆಟ್ಟಿಗೆ ಉಳಿಯಿತು. ನನ್ನ ಮಾತು ನೀನು ಉಳಿಸಲಿಲ್ಲ. ನಾನು ಯಾವ ಕೋರ್ಟಲ್ಲಿ ಹೋಗಿ ಏನು ಕೇಳಲಿ ಈಗ? ನಮ್ಮಕ್ಕ ಸುಳ್ಳಿ ಅಂತಲಾ?"

ಟಿವಿ ಬೆಳಗಿತು. ಆಟ ಬರಲಿಲ್ಲ, ಬೀಗ ತೆಗೆದ ಪೆಟ್ಟಿಗೆಗೆ ಕಂಪನಿ ಮೊದಲು ಕಳಿಸುವುದು ಹೊಸ ಷರತ್ತುಗಳನ್ನು. ಪರದೆಯ ತುಂಬ ಸಣ್ಣ ಅಕ್ಷರ, ಕೆಳಗೆ ಒಂದೇ ಗುಂಡಿ: 'ನಾನು ಒಪ್ಪುತ್ತೇನೆ'. ತಂಗಿ ಮೊಣಕೈಯಿಂದ ಹಲಗೆ ಒತ್ತಿದಳು. ಏನೂ ಆಗಲಿಲ್ಲ. ಚಿಪ್ ಇಲ್ಲದ ಪೆಟ್ಟಿಗೆಗೆ ಆ ಹಲಗೆ ಬರೀ ಹಲಗೆ.

"ನಾನು ಒಪ್ಪೋಕೂ ಬೇರೆಯವರ ಬೆರಳು ಬೇಕು," ಎಂದಳು.

"ಒಪ್ಪಿಬಿಡು. ಆದ ಮೇಲೆ ಹತ್ತೇ ನಿಮಿಷ, ಬೇರೆ ಚಿಪ್ ಕೂರಿಸ್ತೀನಿ," ಎಂದ ಭಾವ. ಅವನು ಆಗಲೇ ಐರನ್ ಕಾಯಲು ಇಟ್ಟಿದ್ದ.

ಅಕ್ಕ ಕಂಪನಿಯ ಕಂಟ್ರೋಲರ್ ಕೈಗೆತ್ತಿಕೊಂಡಳು. ಗುಂಡಿಯ ಮೇಲೆ ಬೆರಳಿಟ್ಟವಳು ಒತ್ತಲಿಲ್ಲ. ಈ ಸಲ ತಿರುಗಿ ಕೇಳಿದಳು, "ಒತ್ತಲಾ?"

ತಂಗಿ ಬಹಳ ಹೊತ್ತು ಪರದೆ ನೋಡಿದಳು. ಅವಳ ಫೋನು ಮೇಜಿನ ಮೇಲೆ ಒಮ್ಮೆ ಮಿನುಗಿ ಆರಿತು. ತಂಡದವರು ಆಟಕ್ಕೆ ಕೂರುವ ಹೊತ್ತು.

"ಒತ್ತದೇ ಏನು ಮಾಡ್ತೀಯಾ? ಒತ್ತು. ಆದ್ರೆ ಮೊದಲು ಓದು. ಜೋರಾಗಿ ಓದು. ಏನಕ್ಕೆ ಒಪ್ತಾ ಇದ್ದೀನಿ ಅಂತ ನನ್ನ ಕಿವಿಗಾದ್ರೂ ಬೀಳಲಿ."

"ಪೂರ್ತಿನಾ?"

"ಪೂರ್ತಿ."

ಅಕ್ಕ ಕುರ್ಚಿ ಎಳೆದುಕೊಂಡು ಟಿವಿಯ ಹತ್ತಿರ ಕೂತಳು. ಗಂಡ ಐರನ್ ಆರಿಸಿ ಬಂದು ಬಾಗಿಲ ಬಳಿ ನಿಂತ. "ಈ ಪೆಟ್ಟಿಗೆಯನ್ನು ನೀವು ಕೊಂಡಿದ್ದರೂ," ಎಂದು ಅವಳು ಶುರು ಮಾಡಿದಳು.

"ನಿಲ್ಲಿಸು," ಎಂದಳು ತಂಗಿ. "ಆ ಸಾಲು ಇನ್ನೊಂದು ಸಲ."